ಹಳದಿಯಾಗಿಯೇ ಉಳಿದ ನೀರು

"ಬಗ್ಗವ್ವ, ಇನ್ನೊಸಿ ಬಗ್ಗು. ಗಂಗವ್ವನ ಮುಂದೆ ಸೊಂಟ ನೋಯ್ತದೆ ಅನ್ಬಾರ್ದು."

ನಿಸರ್ಗಾ ಬಗ್ಗಿದಳು. ಕಲ್ಲಿನ ತೊಟ್ಟಿಯ ಅಂಚಿನಲ್ಲಿ ಸಾಲಾಗಿ ಕೂರಿಸಿದ್ದ ಐದು ಬೆಣಚುಕಲ್ಲುಗಳ ಮೇಲೆ ಅರಿಶಿನದ ನೀರು ಹುಯ್ದಳು. ಹಳದಿ ಗೆರೆಯೊಂದು ಕಲ್ಲಿನಿಂದ ಇಳಿದು ತೊಟ್ಟಿಗೆ ಬಿತ್ತು. ಬಿದ್ದ ಜಾಗದಲ್ಲೇ ಕೆಂಪಾಯಿತು.

"ಕಂಡ್ಯಾ?" ದೊಡ್ಡತಾಯಮ್ಮ ಎರಡೂ ಕೈ ಎತ್ತಿ ಮುಗಿದರು. "ನಮ್ ದೊಡ್ಡ ಮಗಳಿಗೆ ಇಲ್ಲೇ ಪೂಜೆ ಮಾಡ್ಸಿದಾಗ್ಲೂ ಹಿಂಗೇ ಆಗಿತ್ತು. ಒಪ್ಕೊಂಡ್ಲು. ಎಲ್ಲಿದ್ರೂ ಗಂಗವ್ವ ಗಂಗವ್ವನೇ ಕಣೇಳಿ, ಪಾಸ್‌ಪೋರ್ಟ್ ಕೇಳಕಿಲ್ಲ."

ಸತ್ಯವತಿ ನಲವತ್ತು ದಿನದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಸುತ್ತ ಸೆಪ್ಟೆಂಬರಿನ ಒಣಗುಡ್ಡಗಳು. ಹುರಿಗಡಲೆ ಬಣ್ಣದ ಹುಲ್ಲು, ಅದರ ನಡುವೆ ಬೂದಿ ಬಳಿದಂಥ ಆಲಿವ್ ಮರಗಳು. ಗಿಲ್‌ರಾಯ್ ದಾಟಿ ಮುಕ್ಕಾಲು ಗಂಟೆ ಬಂದಿದ್ದರೂ ಅಲ್ಲಿನ ಬೆಳ್ಳುಳ್ಳಿ ಹೊಲಗಳ ವಾಸನೆ ಮಗುವಿನ ಟೋಪಿಯಲ್ಲಿ ಇನ್ನೂ ಇತ್ತು.

ಒಲಿವೆಟ್ ಸ್ಪ್ರಿಂಗ್ಸ್ ಎಂದು ಕಮಾನಿನ ಮೇಲೆ ಕೊರೆದಿತ್ತು. ಕೆಳಗೆ ೧೮೮೪. ಇಟಲಿಯಿಂದ ಬಂದ ಒಬ್ಬ ಕಲ್ಲುಕುಟಿಗ ಈ ಕಣಿವೆ ತನ್ನೂರಿನಂತೆಯೇ ಇದೆ ಎಂದು ಇಲ್ಲೇ ನಿಂತುಬಿಟ್ಟನಂತೆ. ಬುಗ್ಗೆಗೆ ತೊಟ್ಟಿ ಕಟ್ಟಿದ, ತೊಟ್ಟಿಗೆ ಒಂದು ಕಲ್ಲಿನ ಮೀನು ಕೂರಿಸಿದ, ಮೀನಿನ ಬಾಯಿಂದ ನೀರು ಬೀಳುವಂತೆ ಮಾಡಿದ. ಸ್ಯಾನ್ ಫ್ರಾನ್ಸಿಸ್ಕೋದ ಶ್ರೀಮಂತರು ಕೀಲುನೋವಿಗೆಂದು ಕುದುರೆಗಾಡಿಯಲ್ಲಿ ಬರುತ್ತಿದ್ದರಂತೆ. ಫಲಕದಲ್ಲಿದ್ದ ಇಷ್ಟನ್ನೂ ಸತ್ಯವತಿ ಎರಡು ಸಲ ಓದಿದ್ದಳು. ಮೂವತ್ತೊಂದು ವರ್ಷ ಮೈಸೂರಿನ ಪೊಲೀಸ್ ಬೆರಳಚ್ಚು ವಿಭಾಗದಲ್ಲಿ ಕೆಲಸ ಮಾಡಿದವಳು. ಯಾವುದನ್ನೂ ಒಂದೇ ಸಲ ಓದುವ ಅಭ್ಯಾಸವಿರಲಿಲ್ಲ.

"ಈಗ ಬಿಂದಿಗೆ ತುಂಬ್ಸು," ಎಂದರು ದೊಡ್ಡತಾಯಮ್ಮ.

ನಿಸರ್ಗಾ ಬಿಂದಿಗೆಯನ್ನು ತೊಟ್ಟಿಗೆ ಅದ್ದಲು ಹೋದಳು.

"ಆಹಾ, ತೊಟ್ಟೀಲಿ ಬ್ಯಾಡ. ನಿಂತ ನೀರು ಅದು. ಹೊಸ ನೀರು ಬೇಕು. ಬಾಯಿಗೇ ಹಿಡಿ."

"ಅತ್ತೆ, ಎಲ್ಲಾ ಒಂದೇ ನೀರಲ್ವಾ? ಇದು ತುಂಬೋಷ್ಟರಲ್ಲಿ ಮಗು ಫೀಡಿಂಗು ಟೈಮಾಗುತ್ತೆ."

"ಹಾಸನದೋರು ಅದ್ಕತಾರೆ. ಮಂಡ್ಯದೋರು ನಾವು ಹಿಡ್ಕತೀವಿ."

ಮೀನಿನ ಬಾಯಿಂದ ನೀರು ಬೆರಳಿನಷ್ಟೇ ದಪ್ಪಕ್ಕೆ ಬೀಳುತ್ತಿತ್ತು. ಬಿಂದಿಗೆ ತುಂಬಲು ಹೊತ್ತು ಹಿಡಿಯಿತು. ತುಂಬಿದ ಮೇಲೆ ದೊಡ್ಡತಾಯಮ್ಮ ಒಂದು ಚಿಟಿಕೆ ಅರಿಶಿನ ಹಾಕಿ, ಬೆರಳಲ್ಲಿ ಕದಡಿ, ಬಗ್ಗಿ ನೋಡಿದರು.

ಕಾದರು. ಇನ್ನೊಂದು ಚಿಟಿಕೆ ಹಾಕಿದರು.

ನೀರು ಹಳದಿಯಾಗಿಯೇ ಉಳಿಯಿತು.

ದೊಡ್ಡತಾಯಮ್ಮನ ಮುಖ ನಿಧಾನವಾಗಿ ಇಳಿಯುವುದನ್ನು ಸತ್ಯವತಿ ಕಂಡಳು. ಆರು ವಾರದಿಂದ ಒಂದೇ ಅಡುಗೆಮನೆಯಲ್ಲಿ ಬಾಣಂತಿಯ ಸಾರಿಗೆ ಮೆಣಸು ಎಷ್ಟು ಹಾಕಬೇಕೆಂದು ಈ ಬೀಗಿತ್ತಿಯೊಂದಿಗೆ ಜಗಳವಾಡಿದ್ದಳು. ಆದರೆ ಈ ಮುಖವನ್ನು ನೋಡಿರಲಿಲ್ಲ.

"ಬೀಗರೇ," ದೊಡ್ಡತಾಯಮ್ಮನ ದನಿ ಸಣ್ಣದಾಗಿತ್ತು. "ನಾನೇನ್ ತಪ್ಪು ಮಾಡ್ದೆ? ಕೂಸಿಗೇನಾದ್ರೂ..."

"ಕೂಸಿಗೇನೂ ಆಗಲ್ಲ. ತಪ್ಪು ನಿಮ್ಮದಲ್ಲ, ನೀರಿಂದು." ಸತ್ಯವತಿ ಮಗುವನ್ನು ಅವರ ಕೈಗೆ ಕೊಟ್ಟಳು. ಹೆದರಿದವರ ಕೈಗೆ ಒಂದು ಕೆಲಸ ಕೊಡಬೇಕು. "ಒಂದು ನಿಮಿಷ ಹಿಡ್ಕೊಳ್ಳಿ. ನಾನು ನೋಡ್ತೀನಿ."

ಅವಳು ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತಳು.

ಅರಿಶಿನ ಕೆಂಪಾಗುವುದು ಯಾವಾಗ? ಆರತಿಗೆ ಓಕುಳಿ ನೀರು ಕಲಸಿದ ಯಾವ ಹೆಂಗಸಿಗೂ ಗೊತ್ತು. ಸುಣ್ಣ ಬಿದ್ದಾಗ. ಈ ಬುಗ್ಗೆಯ ನೀರಲ್ಲೇ ಸುಣ್ಣದ ಗುಣವಿತ್ತು ಎಂದಾದರೆ ಮೂರು ವರ್ಷದ ಹಿಂದೆ ದೊಡ್ಡತಾಯಮ್ಮನ ಮಗಳ ಅರಿಶಿನ ಕೆಂಪಾಗಿದ್ದು ಸರಿ. ಹಾಗಾದರೆ ಇವತ್ತು ಮೀನಿನ ಬಾಯಿಂದ ಬಿದ್ದ ನೀರೂ ಕೆಂಪಾಗಬೇಕಿತ್ತು.

ಆಗಲಿಲ್ಲ. ಅಂದರೆ ಮೀನಿನ ಬಾಯಿಂದ ಬೀಳುತ್ತಿರುವುದು ಬುಗ್ಗೆಯ ನೀರೇ ಅಲ್ಲ.

ತೊಟ್ಟಿಯ ತಳಕ್ಕೆ ಕೈ ಹಾಕಿದಳು. ಬೆರಳಿಗೆ ಹಿಟ್ಟಿನಂಥದ್ದು ಮೆತ್ತಿಕೊಂಡಿತು. ನಾಲಿಗೆಯ ತುದಿಗೆ ಮುಟ್ಟಿಸಿದಳು. ಎಲೆಗೆ ಹೆಚ್ಚು ಹಚ್ಚಿಕೊಂಡಾಗ ಸುಡುವಂತೆ ಸುಟ್ಟಿತು.

ಸುಣ್ಣವೇ. ಯಾರೋ ಬೇಕೆಂದೇ ತಂದು ಕದಡಿದ್ದಾರೆ.

ಇವತ್ತು ಇಲ್ಲಿಗೆ ಅರಿಶಿನ ಹಿಡಿದುಕೊಂಡು ಹೆಂಗಸರು ಬರುತ್ತಾರೆ ಎಂದು ಗೊತ್ತಿದ್ದವರು. ಅರಿಶಿನ ಕೆಂಪಾಗದಿದ್ದರೆ ಅವರು ಗಾಬರಿಯಾಗುತ್ತಾರೆ ಎಂದು ಗೊತ್ತಿದ್ದವರು. ಈ ದೇಶದ ಪೊಲೀಸರಿಗಾಗಲಿ, ಬುಗ್ಗೆಯ ನೀರನ್ನು ಬಾಟಲಿಯಲ್ಲಿ ಮಾರುವ ಕಂಪನಿಯವರಿಗಾಗಲಿ ಸಾವಿರ ವರ್ಷಕ್ಕೂ ಇದು ಹೊಳೆಯುವುದಿಲ್ಲ. ಮಾಡಿದ್ದು ನಮ್ಮವರೇ. ಹಾಸನದವರ ಪೂಜೆ ನೋಡಿದವರು, ಮಂಡ್ಯದವರದ್ದು ನೋಡದವರು. ಆದ್ದರಿಂದ ತೊಟ್ಟಿಗೆ ಮಾತ್ರ ಹಾಕಿದರು.

ಪರ್ಸಿನಿಂದ ಲೆನ್ಸು ತೆಗೆದಳು. ಅದರ ಜೊತೆಗೆ ನಾಗರಾಜು ಪ್ರಿಂಟ್ ಮಾಡಿ ಕೊಟ್ಟಿದ್ದ ದಾರಿಯ ಮ್ಯಾಪೂ ಈಚೆ ಬಂತು, ಇಸ್ತ್ರಿ ಮಾಡಿದ ಹಾಗೆ, ಮಡಿಸಿದ್ದು ಮಡಿಸಿದಂತೆಯೇ. "ನಂಗೂ ಮೊದಲನೇ ಸಲ ಅತ್ತೆ, ದಾರೀಲಿ ನೀವು ಓದಿ ಹೇಳ್ಬೇಕು," ಎಂದಿದ್ದ ಅಳಿಯ. ಮ್ಯಾಪನ್ನು ಮತ್ತೆ ಒಳಗೆ ತುರುಕಿ ತೊಟ್ಟಿಯ ಅಂಚಿಗೆ ಬಗ್ಗಿದಳು.

ಕಪ್ಪು ಕಲ್ಲಿನ ಮೇಲೆ ಯಾರೋ ಒದ್ದೆ ಕೈ ಊರಿ ಎದ್ದಿದ್ದರು. ನೀರು ಒಣಗಿ ಸುಣ್ಣ ಉಳಿದಿತ್ತು. ಹೆಬ್ಬೆರಳಿನ ಗುರುತು ಬೆಳ್ಳಗೆ, ಪುಸ್ತಕದಲ್ಲಿ ಅಚ್ಚು ಹಾಕಿದಷ್ಟು ಸ್ಪಷ್ಟವಾಗಿತ್ತು. ನಡುವೆ ಸುಳಿ. ಸುಳಿಯನ್ನು ಓರೆಯಾಗಿ ಕತ್ತರಿಸಿದ ಒಂದು ಹಳೆ ಗಾಯದ ಗೆರೆ.

ಸತ್ಯವತಿ ಲೆನ್ಸನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದಳು.

ಆ ಗೆರೆಯನ್ನು ಅವಳು ಬುಧವಾರವಷ್ಟೇ ನೋಡಿದ್ದಳು. ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ, ತಮ್ಮ ಮನೆಯ ಮೇಲಿನ ಮನೆಯಲ್ಲಿ, ಒಂದು ಸ್ಟೀಲ್ ಲೋಟದ ಮೇಲೆ. ಹತ್ತೊಂಬತ್ತು ದಿನದಿಂದ ಕಾಣೆಯಾಗಿರುವ ಗಾರ್ಗಿಯ ಲೋಟ ಅದು; ಅವಳ ತಂದೆ ಕೇಳಿಕೊಂಡರೆಂದು ಸತ್ಯವತಿ ಅದರ ಮೇಲಿನ ಗುರುತು ನೋಡಿದ್ದಳು. ಗಾರ್ಗಿಯ ಗಂಡ ಅಭಿರಾಮನ ಕಾರಿನಲ್ಲಿ ರಕ್ತ ಸಿಕ್ಕಿತ್ತು. ಶುಕ್ರವಾರ ಪೊಲೀಸರು ಅವನನ್ನು ಕರೆದುಕೊಂಡು ಹೋಗಿದ್ದರು. ನಾಳೆ ಸೋಮವಾರ ಹತ್ತು ಗಂಟೆಗೆ ಹೆಂಡತಿಯನ್ನು ಕೊಂದ ಆರೋಪದ ಮೇಲೆ ಅವನನ್ನು ಕೋರ್ಟಿನಲ್ಲಿ ನಿಲ್ಲಿಸುತ್ತಾರೆ.

ಕೊಲೆಯಾದವಳು ಇವತ್ತು ಬೆಳಿಗ್ಗೆ ಇಲ್ಲಿ ಕೂತು ಸುಣ್ಣ ಕಲಸಿದ್ದಾಳೆ.

*

"ಅಮ್ಮ, ಎಲ್ಲಿಗೆ?" ಎಂದಳು ನಿಸರ್ಗಾ.

"ಬಿಸಿನೀರು ಕೇಳ್ಕೊಂಡು ಬರ್ತೀನಿ. ಮಗು ಕೊಡಿ ಬೀಗರೇ."

"ಬಿಸಿನೀರಿಗೆ ಕೂಸ್ಯಾಕೆ?"

"ಕೂಸಿದ್ರೆ ಯಾರೂ ಬಾಗಿಲು ಹಾಕಲ್ಲ."

ದೊಡ್ಡತಾಯಮ್ಮ ಒಂದು ಕ್ಷಣ ಅವಳ ಮುಖ ನೋಡಿದರು. ಈ ಹೆಂಗಸು ಪೊಲೀಸಿನವಳು ಎಂದು ಮದುವೆ ಮಾತುಕತೆಯಲ್ಲೇ ತಕರಾರು ತೆಗೆದಿದ್ದವರು. ಈಗ ತಾವೇ ಮಗುವಿನ ಟೋಪಿ ಸರಿಮಾಡಿ ಅವಳ ಕೈಗಿಟ್ಟರು.

ಕೆಳಗೆ ಆಲಿವ್ ಮರದ ನೆರಳಲ್ಲಿ ಹಸಿರು ವ್ಯಾನು ನಿಂತಿತ್ತು. ಗಂಡಸರು ಬರುವ ಪೂಜೆಯಲ್ಲವೆಂದು ನಾಗರಾಜು ಅಲ್ಲೇ ಉಳಿದಿದ್ದ. ಮಗುವಿಗಾಗಿಯೇ ಕೊಂಡ ವ್ಯಾನು. ಕೊಂಡು ಐದು ವಾರವಾಗಿರಬಹುದು. ಮಗುವಿನ ಸೀಟನ್ನು ಈಚೆ ತೆಗೆದು ನೆರಳಿಗಿಟ್ಟು, ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಸೀಟಿನ ಹಿಡಿಗೆ ಸತ್ಯವತಿ ಹೊಲಿದುಕೊಟ್ಟ ಬಟ್ಟೆಯ ಗಿಣಿ ತೂಗುತ್ತಿತ್ತು. ಅವಳ ಹಳೇ ಹಸಿರು ರವಿಕೆಯ ಗಿಣಿ. ಒಂದು ಕಣ್ಣಿಗೆ ಕರಿ ಗುಂಡಿ; ಇನ್ನೊಂದು ಕಣ್ಣಿಗೆ ಮನೆಯಲ್ಲಿ ಗುಂಡಿಯೇ ಸಿಕ್ಕಿರಲಿಲ್ಲ.

ಒಳ್ಳೆಯ ಹುಡುಗ. ಬಾಣಂತಿಯ ಬಟ್ಟೆಯನ್ನು ತಾನೇ ಒಗೆದು ಹಾಕುವ ಅಳಿಯ ಎಷ್ಟು ಜನಕ್ಕೆ ಸಿಗುತ್ತಾನೆ? ಮೂರು ತಿಂಗಳಿಂದ ಯಾವುದೋ ಹೊಸ ಡಾಟ್‌ಕಾಮಿನಲ್ಲಿದ್ದಾನೆ. ಅಲ್ಲೇನು ಮಾಡುತ್ತೀರಿ ಎಂದರೆ "ಬ್ಯಾಕ್‌ಎಂಡು ಅತ್ತೆ" ಎನ್ನುತ್ತಾನೆ. ಅದು ಏನೇ ಇರಲಿ, ದೇಹಕ್ಕೆ ಒಗ್ಗುವ ಕೆಲಸವಲ್ಲ. ಹುಡುಗ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

"ಆಯ್ತಾ ಅತ್ತೆ?" ಕೆಳಗಿನಿಂದ ಕೂಗಿದ.

"ಇನ್ನೂ ಸ್ವಲ್ಪ."

"ಜಾಸ್ತಿ ಒಳಗೆಲ್ಲಾ ಹೋಗ್ಬೇಡಿ. ಪ್ರೈವೇಟ್ ಪ್ರಾಪರ್ಟಿ. ಟ್ರೆಸ್‌ಪಾಸಿಂಗು ಅಂತಾರೆ."

ಸತ್ಯವತಿ ಕೈ ಬೀಸಿ ಮುಂದೆ ಹೋದಳು.

ಬುಗ್ಗೆಯನ್ನು ನೋಡಿಕೊಳ್ಳುವ ಒಫೇಲಿಯಾಳ ಮನೆ ತೊಟ್ಟಿಯ ಹಿಂದೆಯೇ ಇತ್ತು. ಬಾಗಿಲು ತೆರೆದಿತ್ತು. ಅರವತ್ತರ ಹೆಂಗಸು, ನರೆತ ಎರಡು ಜಡೆ, ಮೊಣಕೈವರೆಗೂ ಜೋಳದ ಹಿಟ್ಟು. ಅವಳ ಮಾತೃಭಾಷೆ ಸ್ಪ್ಯಾನಿಷ್. ಸತ್ಯವತಿಯ ಇಂಗ್ಲಿಷು ಸರ್ಕಾರಿ ಕಡತದ್ದು. ಇಬ್ಬರೂ ಮಗುವಿನ ಕಡೆ ನೋಡಿ ನಕ್ಕರು. ಅಲ್ಲಿಗೆ ಅರ್ಧ ಮಾತು ಮುಗಿದಿತ್ತು.

ಒಲೆಯ ಪಕ್ಕದ ಪಾತ್ರೆಯಲ್ಲಿ ಮೆಕ್ಕೆಜೋಳ ನೆನೆದಿತ್ತು. ನೀರು ಬೆಳ್ಳಗೆ ಕದಡಿತ್ತು. ಮೇಲಿನ ಶೆಲ್ಫಿನಲ್ಲಿ ಒಂದು ತಗಡಿನ ಡಬ್ಬಿ, ಅದರ ಅಂಚಿನಲ್ಲಿ ಬಿಳಿಪುಡಿ.

"ಏನದು?"

"ಕಾಲ್," ಎಂದಳು ಒಫೇಲಿಯಾ. ಅವರ ಭಾಷೆಯ ಸುಣ್ಣ. ಜೋಳದ ಸಿಪ್ಪೆ ಬಿಡಿಸಲು ಹಾಕುತ್ತೇವೆ ಎಂದು ಉಗುರಿನಿಂದ ಕಾಳೊಂದನ್ನು ಸುಲಿದು ತೋರಿಸಿದಳು. ಅವಳ ಅಜ್ಜಿಯೂ ಹೀಗೇ ಮಾಡುತ್ತಿದ್ದಳಂತೆ.

"ನಮ್ಮಜ್ಜಿ ಇದನ್ನ ಎಲೆಗೆ ಹಚ್ಚಿ ತಿಂತಿದ್ರು," ಎಂದಳು ಸತ್ಯವತಿ, ಕೈಯಲ್ಲಿ ಎಲೆ ಮಡಿಸಿ ತೋರಿಸಿ. ಆಮೇಲೆ ಅದೇ ಕೈಯಿಂದ ಕಿಟಕಿಯಾಚೆಯ ತೊಟ್ಟಿಯ ಕಡೆ ಬೆರಳು ಮಾಡಿದಳು. "ಇವತ್ತು ಬೆಳಿಗ್ಗೆ ಆ ನೀರಿಗೆ ಇದನ್ನ ಹಾಕಿದ್ದು ಯಾರು?"

"ನಾನೇ."

"ಯಾಕೆ?"

ಒಫೇಲಿಯಾ ಕೈ ಒರೆಸಿಕೊಂಡಳು. ಪಾಚಿ ಹೋಗಲಿ ಎಂದು, ಎಂದಳು.

"ನಿಮ್ಮ ಹೆಬ್ಬೆರಳು ತೋರಿಸ್ತೀರಾ?"

ತೋರಿಸಲಿಲ್ಲ. ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮುಖದ ನಗು ಹೋಗಿತ್ತು.

"ನೀವು ಪೊಲೀಸಾ?"

ಮೂವತ್ತೊಂದು ವರ್ಷ ಆ ಪ್ರಶ್ನೆಗೆ ಹೌದು ಎಂದು ಹೇಳಿ ರೂಢಿ. ಸತ್ಯವತಿ ಮಗುವನ್ನು ಹೆಗಲಿಂದ ಇಳಿಸಿ ತೋಳಿನಲ್ಲಿ ಮಲಗಿಸಿಕೊಂಡಳು. "ಇಲ್ಲ. ಅಜ್ಜಿ. ಅಭಿರಾಮನ ಮನೆಯ ಕೆಳಗಿನ ಮನೆಯವಳು. ಈ ಮಗು ಹುಟ್ಟುವ ದಿನ ನನ್ನ ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಅವನೇ. ಅಳಿಯ ಆಫೀಸಿನಲ್ಲಿದ್ದ. ನಾನು ಡ್ರೈವ್ ಮಾಡಲ್ಲ. ಅಭಿರಾಮ ಎಲ್ಲಾ ಸಿಗ್ನಲ್ಲಿನಲ್ಲೂ ದೇವರಿಗೆ ಕೈ ಮುಗೀತಾ ಓಡಿಸಿದ. ನಾಳೆ ಅವನನ್ನ ಕೊಲೆಗಾರ ಅಂತಾರೆ."

ಒಫೇಲಿಯಾಳಿಗೆ ಎಷ್ಟು ಅರ್ಥವಾಯಿತೋ. ಅಭಿರಾಮ ಎಂಬ ಹೆಸರಂತೂ ಅರ್ಥವಾಯಿತು. ಹೊಸದಾಗಿ ಸುಟ್ಟ ರೊಟ್ಟಿಗಳಲ್ಲಿ ನಾಲ್ಕನ್ನು ಒಂದು ಬಟ್ಟೆಯಲ್ಲಿ ಸುತ್ತಿ, ಸತ್ಯವತಿಯ ಕೈಗಿಟ್ಟು, ಹಿತ್ತಿಲ ಬಾಗಿಲು ತೆರೆದಳು.

ಹಿಂದೆ ಹಳೆಯ ಸ್ನಾನದ ಮನೆಯಿತ್ತು.

*

ಸಾಲಾಗಿ ಕಲ್ಲಿನ ತೊಟ್ಟಿಗಳು, ಎಲ್ಲವೂ ಒಣಗಿ ಬಿರುಕು ಬಿಟ್ಟವು. ಮರದ ಪಟ್ಟಿಯ ಕಿಟಕಿಗಳಿಂದ ಬಿಸಿಲು ಗೆರೆಗೆರೆಯಾಗಿ ಬಿದ್ದಿತ್ತು. ಕೊನೆಯ ತೊಟ್ಟಿಯಲ್ಲಿ ಹಾಸಿಗೆ ಹಾಸಿಕೊಂಡು ಒಬ್ಬ ಹುಡುಗಿ ಕೂತಿದ್ದಳು. ಸುತ್ತ ಚೀಟಿ ಅಂಟಿಸಿದ ನೀರಿನ ಸೀಸೆಗಳು. ತೊಡೆಯ ಮೇಲೆ ದಪ್ಪ ನೋಟ್‌ಬುಕ್ಕು.

ಅಭಿರಾಮನ ಮನೆಯ ಫ್ರಿಜ್ಜಿನ ಮೇಲಿನ ಫೋಟೋದಲ್ಲಿ ನೋಡಿದ್ದಕ್ಕಿಂತ ಗಾರ್ಗಿ ತೆಳ್ಳಗಿದ್ದಳು.

"ಅಳ್ಬೇಡ್ವೇ ಪುಟ್ಟಿ," ಎಂದಳು ಸತ್ಯವತಿ, ಅಳದೇ ಇದ್ದ ಮಗುವಿಗೆ. ತಾನು ಕನ್ನಡದವಳು ಎಂದು ತಿಳಿಸುವುದಕ್ಕೆ ಬೇರೆ ದಾರಿ ಹೊಳೆಯಲಿಲ್ಲ.

ಗಾರ್ಗಿ ನೋಟ್‌ಬುಕ್ಕನ್ನು ಎದೆಗೆ ಹಿಡಿದುಕೊಂಡು ಎದ್ದು ನಿಂತಳು.

"ರೊಟ್ಟಿ ಕಳಿಸಿದ್ದಾಳೆ. ಬಿಸಿಯಾಗಿದೆ, ತಿನ್ನು. ನಾನು ಸತ್ಯವತಿ. ನಿಮ್ಮ ಕೆಳಗಿನ ಮನೆ. ನಿಸರ್ಗಾಳ ತಾಯಿ."

"ಕೆಳಗಿನ ಮನೆಯವರನ್ನ ನಾನು ನೋಡೇ ಇಲ್ಲ. ಅಂತರ್ಜಲದ ಮೇಲೆ ರಿಸರ್ಚು ಮಾಡ್ತಾ ನಾನು ಬರ್ಕ್ಲಿಯಲ್ಲೇ ರೂಮ್ ಮಾಡ್ಕೊಂಡಿದ್ದೆ. ಫ್ರೀಮಾಂಟಿಗೆ ಬರ್ತಿದ್ದಿದ್ದು ತಿಂಗಳಿಗೆ ಒಂದು ವೀಕೆಂಡು." ಹುಡುಗಿಯ ಕಣ್ಣು ಮಗುವಿನ ಮೇಲೆ ನಿಂತಿತು. "ಅಭಿ ಹೇಳ್ತಿದ್ದ. ಮೈಸೂರಿನ ಆಂಟಿ, ಕೋಪ ಬಂದ್ರೆ ಬೆರಳಿನ ಗುರುತು ತಗೋತಾರೆ ಅಂತ."

"ನಿನ್ನ ಗುರುತು ತೊಟ್ಟಿಯ ಮೇಲೆ ನೀನೇ ಬಿಟ್ಟಿದ್ದೆ. ನಾನು ತಗೋಬೇಕಾಗಲಿಲ್ಲ."

ಗಾರ್ಗಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ನಗುವಂತಾಗಿ, ನಗಲಿಲ್ಲ.

"ಸುಣ್ಣ ಯಾಕೆ ಹಾಕಿದೆ?"

"ಗೇಟು ತೆಗೀಬೇಕು ಅಂತ ಫೋನು ಬಂತಂತೆ. ಇಂಡಿಯನ್ ಲೇಡೀಸು, ಒಂದು ಮಗು, ಸಂಡೇ ಅಂತ ಒಫೇಲಿಯಾ ಹೇಳಿದ್ಲು. ನಂಗೆ ಗೊತ್ತಾಯ್ತು, ಗಂಗೆ ಪೂಜೆ. ಹೋದ ವರ್ಷ ಸ್ಯಾಂಪಲ್ ತಗೊಳ್ಳೋಕೆ ಬಂದಾಗ ಇನ್ನೊಂದು ಫ್ಯಾಮಿಲಿ ಮಾಡೋದನ್ನ ನೋಡಿದ್ದೆ. ಆ ಅಜ್ಜಿ ನೀರು ಕೆಂಪಾಗಿದ್ದು ನೋಡಿ ಅತ್ತುಬಿಟ್ರು." ಅವಳು ಕೂತಳು. "ಈಗ ಅದು ಆಗಲ್ಲ. ಬುಗ್ಗೆ ಸತ್ತುಹೋಗಿದೆ ಆಂಟಿ. ಮಾರ್ಚಿನಲ್ಲಿ ಕಂಪನಿಯವರು ಮೇಲೆ ಗುಡ್ಡದಲ್ಲಿ ಬೋರ್ ಕೊರೆದ್ರು. ಒಂದು ವಾರಕ್ಕೆ ಇಲ್ಲಿ ನಿಂತೋಯ್ತು. ಈಗ ಮೀನಿನ ಬಾಯಲ್ಲಿ ಬರ್ತಿರೋದು ಟ್ಯಾಂಕಿನ ನೀರು. ಟ್ರಕ್ಕಿನಲ್ಲಿ ತಂದು ತುಂಬಿಸ್ತಾರೆ. ಅದನ್ನೇ ನೂರಾ ಹದಿನಾರು ವರ್ಷದ ಬುಗ್ಗೆಯ ನೀರು ಅಂತ ಬಾಟಲಿಗೆ ಹಾಕಿ ಇಂಟರ್‌ನೆಟ್ಟಿನಲ್ಲಿ ಮಾರ್ತಾರೆ."

"ಅರಿಶಿನ ಹಳದಿಯಾಗೇ ಉಳಿದಿದ್ರೆ ನಾವು ಊರಿಗೆಲ್ಲಾ ಹೇಳ್ಕೊಂಡು ಬರ್ತಿದ್ವಿ."

"ದೇವಸ್ಥಾನಕ್ಕೆ ಹೋಗಿ ಹೇಳ್ತಿದ್ರಿ. ಅಲ್ಲಿಂದ ಎಲ್ಲರಿಗೂ. ಕಂಪನಿಯವರು ಇಲ್ಲಿಗೆ ಬಂದು ಒಫೇಲಿಯಾನ ಕೇಳ್ತಿದ್ರು, ಮನೆಯೆಲ್ಲಾ ಹುಡುಕ್ತಿದ್ರು." ಗಾರ್ಗಿ ರೊಟ್ಟಿಯ ಅಂಚು ಮುರಿದಳು. "ಅದೊಂದೇ ಅಲ್ಲ. ಯಾರದೋ ಅಜ್ಜಿ ಮುಖ ಬಾಡೋದು ಬೇಡ ಅನ್ನಿಸ್ತು."

"ಬಾಡಿತು."

"ಹೇಗೆ?"

"ಮಂಡ್ಯದವರು. ಬಾಯಿಗೇ ಬಿಂದಿಗೆ ಹಿಡಿದ್ರು."

ಗಾರ್ಗಿ ಕಣ್ಣು ಮುಚ್ಚಿಕೊಂಡಳು. ಸತ್ಯವತಿ ಒಣತೊಟ್ಟಿಯ ಅಂಚಿನ ಮೇಲೆ ಅವಳ ಪಕ್ಕ ಕೂತಳು. ಮಗು ನಿದ್ದೆಯಲ್ಲಿ ತುಟಿ ಚೀಪಿತು.

"ಕಾರಿನಲ್ಲಿ ಸಿಕ್ಕ ರಕ್ತ?"

"ಅಭೀದು. ಹತ್ತೊಂಬತ್ತು ದಿನದ ಹಿಂದೆ ಸಾಯಂಕಾಲ ಇಬ್ಬರೂ ಬಂದ್ವಿ. ಅವನು ಮೇಲೆ ಪಂಪಿನ ಶೆಡ್ಡು ನೋಡೋಕೆ ಹೋದ, ನಾನು ಕೆಳಗೆ ಸೀಸೆ ತುಂಬಿಸ್ತಿದ್ದೆ. ಕೂಗು ಕೇಳಿಸ್ತು. ಓಡಿಹೋದ್ರೆ ಅವನು ಬಿದ್ದಿದ್ದ. ತಲೆ ಒಡೆದಿತ್ತು. ಹೊಡೆದವನ ಬೆನ್ನು ಮಾತ್ರ ಕಂಡಿತು, ಓಡಿಹೋಗಿ ವ್ಯಾನು ಹತ್ತಿದ. ಓಡಿಸೋಕೆ ಇನ್ನೊಬ್ಬ ಕೂತಿದ್ದ. ನನ್ನ ಪಕ್ಕದಲ್ಲೇ ಹೋಯ್ತು ವ್ಯಾನು."

"ಮುಖ?"

"ಬಿಸಿಲು ಗಾಜಿಗೆ ಬಿದ್ದಿತ್ತು. ಕಾಣ್ಲಿಲ್ಲ. ಅಭಿ ನೋಡಿದ ಅನ್ಸುತ್ತೆ. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಒಂದೇ ಮಾತು ಅಂದ." ಗಾರ್ಗಿಯ ದನಿ ತಗ್ಗಿತು. "'ಆ ಮನೇಲೊಂದು ಹಸುಗೂಸಿದೆ, ಬಿಡು ಗಾರ್ಗಿ' ಅಂದ. ನಂಗೆ ಅರ್ಥ ಆಗ್ಲಿಲ್ಲ. ಗುರುವಾರ ನೀರಿನ ಬೋರ್ಡಿನ ಹಿಯರಿಂಗಿದೆ. ಅಲ್ಲಿಗೆ ನಾನು ನೀರಿನ ಲೆಕ್ಕವೆಲ್ಲಾ ಇರೋ ಈ ನೋಟ್‌ಬುಕ್ಕು ಹಿಡ್ಕೊಂಡು ಜೀವಂತವಾಗಿ ಹೋಗಿ ನಿಲ್ಬೇಕು, ಅಲ್ಲೀವರೆಗೆ ಯಾರ ಕಣ್ಣಿಗೂ ಬೀಳ್ಬೇಡ ಅಂತ ನನ್ನ ಇಲ್ಲಿ ಬಿಟ್ಟು ಹೋದ. ಅವನನ್ನೇ ಹಿಡೀತಾರೆ ಅಂತ ಇಬ್ಬರಿಗೂ ಹೊಳೀಲಿಲ್ಲ."

ಸತ್ಯವತಿಗೆ ಅಭಿರಾಮನ ತಲೆಯ ಗಾಯ, ಅವನ ಮೌನ ಎರಡೂ ಈಗ ಅರ್ಥವಾದವು. ನಿನ್ನೆ ಶನಿವಾರ ಅವಳು ನೋಡಲು ಹೋದಾಗ ಜೈಲಿನ ಗಾಜಿನಾಚೆ ಕೂತು ಅವನು ಕೇಳಿದ್ದು ಒಂದೇ: "ಪಾಪು ರಾತ್ರಿ ನಿದ್ದೆ ಮಾಡ್ತಿದ್ಯಾ ಆಂಟಿ?" ಉಪಚಾರದ ಮಾತು ಎಂದುಕೊಂಡಿದ್ದಳು. ಈ ದೇಶದಲ್ಲಿ ಹಸುಗೂಸಿರುವ ಮನೆಗಳು ಬೇಕಾದಷ್ಟಿವೆ ಎಂದು ತನಗೆ ತಾನೇ ಹೇಳಿಕೊಂಡು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

"ನೋಡಮ್ಮ," ಎಂದಳು. "ಈಗ ಯೋಚನೆ ಮಾಡೋದೇನೂ ಇಲ್ಲ. ನಾಳೆ ಹತ್ತು ಗಂಟೆಗೆ ನೀನು ಕೋರ್ಟಿಗೆ ಬಂದು ಸುಮ್ನೆ ನಿಂತ್ರೆ ಸಾಕು. ಕೊಲೆಯಾದವಳು ಕಣ್ಣೆದುರಿಗಿದ್ರೆ ಕೇಸೆಲ್ಲಿ? ಅಭಿರಾಮ ಮಧ್ಯಾಹ್ನಕ್ಕೆ ಮನೇಲಿರ್ತಾನೆ. ಇವತ್ತು ರಾತ್ರಿ ನಮ್ಮನೇಲೇ ಮಲಗು. ಬೇಡ ಅಂದ್ರೆ ಡ್ಯಾನ್‌ವಿಲ್‌ನಲ್ಲಿ ನಿಮ್ಮ ತಂದೆ ಡಾಕ್ಟರು ಇದ್ದಾರೆ, ದಿನಾ ನಂಗೆ ಫೋನ್ ಮಾಡಿ ಅಳ್ತಾರೆ. ಕೆಳಗೆ ವ್ಯಾನಿದೆ, ಜಾಗ ಇದೆ, ನನ್ನ ಅಳಿಯ ಓಡಿಸ್ತಾನೆ."

"ಯಾವ ವ್ಯಾನು?"

ಕೇಳಿದ ರೀತಿಗೆ ಸತ್ಯವತಿ ತಲೆ ಎತ್ತಿದಳು.

ಗಾರ್ಗಿ ಎದ್ದು ಕಿಟಕಿಯ ಹತ್ತಿರ ಹೋಗಿ ಎರಡು ಪಟ್ಟಿಗಳ ನಡುವೆ ಬೆರಳಿಟ್ಟು ಅಗಲಿಸಿದಳು. ಹೊರಗೆ ನೋಡಿದಳು. ಬಿಸಿಲಿನ ಒಂದು ಗೆರೆ ಅವಳ ಕಣ್ಣಿನ ಮೇಲೆ ಬಿದ್ದಿತ್ತು. ಬಹಳ ಹೊತ್ತು ಕಣ್ಣು ಮಿಟುಕಿಸಲಿಲ್ಲ.

"ಆಂಟಿ," ಎಂದಳು, ತಿರುಗದೆ. "ಆವತ್ತು ನನ್ನ ಪಕ್ಕದಲ್ಲಿ ಹೋದ ವ್ಯಾನಿನ ಹಿಂದಿನ ಕಿಟಕಿ ತೆಗೆದಿತ್ತು. ಒಳಗೊಂದು ಮಗುವಿನ ಸೀಟಿತ್ತು. ಖಾಲಿ. ಇಂಥ ಕೆಲಸಕ್ಕೆ ಬಂದೋರು ಮಗುವಿನ ಸೀಟು ಇಟ್ಕೊಂಡು ಬಂದಿದ್ದಾರಲ್ಲ ಅಂತ ಅನ್ನಿಸಿ ನೆನಪುಳೀತು. ಅದಕ್ಕೊಂದು ಬಟ್ಟೆ ಗಿಣಿ ಕಟ್ಟಿತ್ತು. ಹಸಿರು."

ಸತ್ಯವತಿ ಮಗುವಿನ ಬೆನ್ನು ತಟ್ಟುತ್ತಲೇ ಇದ್ದಳು.

"ಅದಕ್ಕೆ ಒಂದೇ ಕಣ್ಣು."

ಗಿಣಿ ಹೊಲಿದ ಬೆರಳುಗಳು ಮಗುವಿನ ಬೆನ್ನ ಮೇಲೆ ನಿಂತುಬಿಟ್ಟವು. ಪರ್ಸಿನೊಳಗೆ ಮಡಿಕೆ ಬಿಚ್ಚದ ಮ್ಯಾಪು ಇತ್ತು. ಗಿಲ್‌ರಾಯ್‌ನಿಂದ ಇಲ್ಲಿಗೆ ಒಂಬತ್ತು ತಿರುವು. ಮೊದಲನೇ ಸಲ ಬರುತ್ತಿದ್ದೇನೆ ಎಂದವನು ಒಂದನ್ನೂ ಕೇಳಿರಲಿಲ್ಲ. ಅತ್ತೆಗೆ ತೊಂದರೆ ಕೊಡಬಾರದೆಂಬ ಮರ್ಯಾದೆ ಎಂದುಕೊಂಡಿದ್ದಳು. ಮೂರು ವಾರದಿಂದ ಅವನು, ಗಂಗೆ ಪೂಜೆ ಎಲ್ಲಿ ಬೇಕಾದರೂ ಮಾಡಿ, ಬಾತ್‌ಟಬ್ಬಿನಲ್ಲಾದರೂ ಮಾಡಿ, ಅಷ್ಟು ದೂರ ಬೇಡ ಎಂದು ತಾಯಿಯ ಹತ್ತಿರ ಜಗಳವಾಡಿದ್ದ. ಬಾಣಂತಿಯ ಮೇಲಿನ ಕಾಳಜಿ ಎಂದುಕೊಂಡಿದ್ದಳು. ಈ ನೀರು ಇಂಟರ್‌ನೆಟ್ಟಿನಲ್ಲಿ ಮಾರಾಟವಾಗುತ್ತದಂತೆ; ಅಳಿಯನ ಡಾಟ್‌ಕಾಮು ಏನು ಮಾರುತ್ತದೆಂದು ಅವಳು ಕೇಳಿರಲೇ ಇಲ್ಲ.

ಇರಬಹುದು. ಅವನು ಓಡಿಸಲು ಕೂತವನಷ್ಟೇ ಇರಬಹುದು. ಏನಾಗುತ್ತದೆಂದು ಗೊತ್ತಿಲ್ಲದೆ ಬಂದವನಿರಬಹುದು. ಕೊನೆಗೆ ಬೆರಳು ಯಾರದ್ದೆಂದು ಬರೆಯಲೇಬೇಕಾದಾಗ ಆರೋಪಿಗಳ ತಾಯಂದಿರು ಅವಳ ಮೇಜಿನ ಮುಂದೆ ನಿಂತು ಹೇಳುತ್ತಿದ್ದ ಮಾತುಗಳು ಇವೇ.

"ಅತ್ತೆ," ಕೆಳಗಿನಿಂದ ನಾಗರಾಜುವಿನ ದನಿ ಬಂತು, ಮೃದುವಾಗಿ, ಎಂದಿನಂತೆ. "ಹೊರಡೋಣ್ವಾ? ಪಾಪುಗೆ ಬಿಸಿಲಾಗುತ್ತೆ."

ಗಾರ್ಗಿ ಗೋಡೆಗೆ ಒರಗಿ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು.

"ಆ ವ್ಯಾನು ಬೇಡ," ಎಂದಳು ಸತ್ಯವತಿ. ತನ್ನ ದನಿ ತನಗೇ ಬೇರೆಯವರದ್ದಾಗಿ ಕೇಳಿಸಿತು. "ಒಫೇಲಿಯಾಳ ಮನೇಲಿ ಫೋನಿದೆ. ನಿಮ್ಮ ತಂದೆ ಬರಲಿ. ಅವರು ಬರೋವರೆಗೂ ನಾನು ಈ ಮಗೂನ ಎತ್ಕೊಂಡು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಇದು ನನ್ನ ಮೊಮ್ಮಗಳು ಗಾರ್ಗಿ. ಇದು ಇಲ್ಲಿರೋ ತನಕ ನಿನ್ನ ಮೇಲೆ ಯಾರೂ ಕೈ ಎತ್ತಲ್ಲ. ನಾಳೆ ನಾನೇ ನಿನ್ನ ಕೈ ಹಿಡ್ಕೊಂಡು ಕೋರ್ಟಿಗೆ ಬರ್ತೀನಿ. ಯಾರದು ಏನೇ ಆಗಲಿ, ನಾನು ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಿ. ನೀನು ಬಂದ್ರೆ ಸಾಕು, ಅಭಿನ ಬಿಡ್ತಾರೆ."

"ಬಿಡ್ತಾರೆ," ಎಂದಳು ಗಾರ್ಗಿ. "ಬಿಟ್ಟ ಮೇಲೆ ಎಲ್ಲಿಗೆ ಹೋಗ್ತಾನೆ? ನಿಮ್ಮ ಅಳಿಯನ ಮನೆ ಮೇಲಿನ ಮನೆಗೆ. ಈಗ ಅವನಿರೋ ಕಡೆ ಬಾಗಿಲಿಗೆ ಬೀಗ ಇದೆ, ಹೊರಗೆ ಕಾವಲಿದೆ."

"ಗುರುವಾರದವರೆಗೆ ಅವನ ಹೆಸರಿಗೆ ಕೊಲೆ ಅಂಟಿರುತ್ತೆ."

"ಅಂಟಿರಲಿ."

"ಬಾಮ್ಮ." ಸತ್ಯವತಿ ಕೈ ಚಾಚಿದಳು.

ಗಾರ್ಗಿ ಆ ಕೈಯನ್ನು ನೋಡಿದಳು. ಆಮೇಲೆ ಮಲಗಿದ್ದ ಮಗುವನ್ನು.

"ನಾಳೆ ಬರಲ್ಲ," ಎಂದಳು.